ಆರುನೂರ ಹದಿನಾಲ್ಕನೆಯ ಗಾಜು

ದೀಪದ ಬುಡದಲ್ಲಿ ಕತ್ತಲೆ ಅನ್ನುವ ಮಾತು ಹಲಸೂರಿನ ಮುನಿಆಂಜನಪ್ಪನವರ ಮನೆಗೆ ಹೇಳಿ ಮಾಡಿಸಿದಂತಿತ್ತು. ಮೂರು ತಲೆಮಾರು ಬೆಂಗಳೂರಿನ ದಂಡು, ಅಂದರೆ ಕಂಟೋನ್ಮೆಂಟಿನ ಜನಕ್ಕೆಲ್ಲ ಪಟ ತೆಗೆದ ಮನೆತನ ಅದು. ಆದರೆ ಆ ಮನೆಯಲ್ಲಿ ಹುಟ್ಟಿದ ಯಾವ ಮಗುವಿಗೂ ಐದು ತುಂಬುವವರೆಗೆ ಒಂದೇ ಒಂದು ಪಟ ಇಲ್ಲ. ಮಗ ಕೆಂಪರಾಜ್ ತೊಟ್ಟಿಲಲ್ಲಿ ಹೇಗಿದ್ದ ಎಂದು ಯಾರಾದರೂ ಕೇಳಿದರೆ ತಾಯಿ ಪಟಾಲಮ್ಮ, "ಕಪ್ಪಗೆ, ಒಣಗಿದ ಹಾಗಲಕಾಯಿ ಇದ್ದಂಗಿದ್ದ" ಎನ್ನುತ್ತಿದ್ದರು. ಅಲ್ಲ ಎನ್ನಲು ಸಾಕ್ಷಿ ಇಲ್ಲದ್ದರಿಂದ ಕೆಂಪರಾಜ್ ಒಪ್ಪಿಕೊಳ್ಳಬೇಕಾಗಿತ್ತು.

ಈ ಕಟ್ಟಳೆ ಮಾಡಿದವರು ಮುನಿಆಂಜನಪ್ಪನವರ ತಾತ ದೊಡ್ಡಮುನಿಯಪ್ಪ. ಹಲಸೂರಿನ ತೋಟದಿಂದ ದಂಡಿಗೆ ಸೊಪ್ಪು ಹೊತ್ತು ಮಾರುತ್ತಿದ್ದವರು, ಒಬ್ಬ ದೊರೆ ಫೋಟೋಗ್ರಾಫರನ ಕ್ಯಾಮೆರಾ ಪೆಟ್ಟಿಗೆ, ಗಾಜಿನ ಪ್ಲೇಟು ಹೊರುವ ಕೆಲಸಕ್ಕೆ ಸೇರಿ, ಹೊರುತ್ತ ಹೊರುತ್ತಲೇ ವಿದ್ಯೆ ಕಲಿತರು. ದೊರೆ ಸೀಮೆಗೆ ಹೊರಟಾಗ ಹಳೆಯ ಕ್ಯಾಮೆರಾ ಇವರ ಪಾಲಾಯಿತು. ಇವತ್ತಿನ ಶಿವಾಜಿನಗರ ಇನ್ನೂ ಬ್ಲಾಕ್‌ಪಲ್ಲಿ ಆಗಿದ್ದ ಕಾಲದಲ್ಲಿ, 1902ರಲ್ಲಿ, ಉತ್ತರದ ಕಡೆಗೆ ಗಾಜಿನ ಮಾಡು ಹಾಕಿಸಿ ಅಲ್ಲಿ ಸ್ಟುಡಿಯೋ ತೆರೆದರು. ಹಗಲಿನ ಬೆಳಕೇ ಬಂಡವಾಳ. ಮೋಡ ಕವಿದರೆ ಅಂಗಡಿ ಮುಚ್ಚಿದಂತೆ. ಕೂತವರ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಕವೆ ಕೊಡುತ್ತಿದ್ದರು. ಒಳ್ಳೆಯ ಬಟ್ಟೆ ಇಲ್ಲದವರಿಗೆ ಕೋಟು, ಬೂಟು, ಮಕ್ಕಳಿಗೆ ಜಾಲರಿಯ ಫ್ರಾಕು ಸ್ಟುಡಿಯೋದಲ್ಲೇ ಇರುತ್ತಿತ್ತು. ಅರ್ಧ ದಂಡು ಒಂದೇ ಕೋಟಿನಲ್ಲಿ ಪಟ ತೆಗೆಸಿಕೊಂಡಿದೆ ಎಂದು ಮುನಿಆಂಜನಪ್ಪ ಈಗಲೂ ನಗುತ್ತಿದ್ದರು.

ಬದುಕಿದ್ದಾಗ ಪಟ ತೆಗೆಸದವರು ಸತ್ತ ಮೇಲೆ ತೆಗೆಸುತ್ತಿದ್ದ ಕಾಲವದು. ಮಕ್ಕಳದಂತೂ ಹೆಚ್ಚು. ಹೋದ ಕೂಸಿನ ಗುರುತಾದರೂ ಉಳಿಯಲಿ ಎಂದು ತಾಯಂದಿರು ಹಟ ಹಿಡಿಯುತ್ತಿದ್ದರು. ದೊಡ್ಡಮುನಿಯಪ್ಪ ಹೋಗಿ ತೆಗೆದುಕೊಟ್ಟು ಬರುತ್ತಿದ್ದರು. ಆದರೆ ಹೆಣ ಕಂಡ ಕ್ಯಾಮೆರಾಕ್ಕೆ ಮನೆಯ ಎಳೆಮಕ್ಕಳನ್ನು ತೋರಿಸಬಾರದು ಎಂದು ಮನೆಯಲ್ಲಿ ಗೆರೆ ಎಳೆದರು. ಮುನಿಆಂಜನಪ್ಪನವರ ತಾಯಿ ಮಾರಕ್ಕ ಆ ಗೆರೆಯನ್ನು ಕಾವಲು ಕಾದು ಉಳಿಸಿದರು.

ಆ ಕಟ್ಟಳೆ ಮೀರಿದ ಒಂದೇ ಒಂದು ಪಟ ನಡುಮನೆಯ ಗೋಡೆಯ ಮೇಲಿತ್ತು. ಅದು ಮುನಿಆಂಜನಪ್ಪ ಪಟಾಲಮ್ಮನವರ ಮೊದಲ ಮಗಳು ಕಾವೇರಿಯದು. 1974ರ ಮಳೆಗಾಲದಲ್ಲಿ, ನಾಲ್ಕು ತುಂಬುವುದಕ್ಕೆ ಒಂದು ತಿಂಗಳಿದ್ದಾಗ, ಜ್ವರ ಬಂದು ಎರಡೇ ದಿನಕ್ಕೆ ಹೋಗಿಬಿಟ್ಟಳು. ಮುನಿಆಂಜನಪ್ಪ ಹೊಸಕೋಟೆಯ ಕಡೆ ಮದುವೆಯ ಪಟ ತೆಗೆಯಲು ಹೋಗಿದ್ದರು. ವಾಪಸು ಬರುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. "ಊರೋರ ಮಕ್ಕಳದೆಲ್ಲ ತೆಗೀತೀರಿ, ನನ್ ಮಗೂದು ಒಂದಿಲ್ವಲ್ರೀ" ಎಂದು ಪಟಾಲಮ್ಮ ಎಂಟು ತಿಂಗಳು ಸರಿಯಾಗಿ ಉಣ್ಣಲಿಲ್ಲ. ಸೀರೆ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದರು. ಆಮೇಲೊಂದು ದಿನ ಮುನಿಆಂಜನಪ್ಪ ಕಟ್ಟು ಹಾಕಿಸಿದ ಪಟ ತಂದು ಗೋಡೆಗೆ ತೂಗಿದರು.

"ಅಮ್ಮಂಗೆ ಗೊತ್ತಾಗ್ದಂಗೆ ಒಂದಿನ ಸ್ಟುಡಿಯೋಗೆ ಕರ್ಕೊಂಡೋಗಿ ತೆಗ್ದಿದ್ದೆ. ಹೇಳಕ್ಕೆ ಭಯ ಆಗಿತ್ತು" ಎಂದರು.

ಜಾಲರಿಯ ಫ್ರಾಕು ತೊಟ್ಟು, ಬೆತ್ತದ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ನೋಡುತ್ತಿರುವ ಮಗು. ಅಂದು ರಾತ್ರಿ ಪಟಾಲಮ್ಮ ಒಂದು ಮುದ್ದೆ ಪೂರ್ತಿ ಉಂಡರು. ಅಂದಿನಿಂದ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಪಂಚೆ ಸೀರೆಗಳ ಪಕ್ಕದಲ್ಲಿ ನಾಲ್ಕು ವರ್ಷದ ಅಳತೆಯ ಹೊಸ ಫ್ರಾಕೂ ಇರುತ್ತಿತ್ತು. ಕೆಂಪರಾಜನ ಮಗಳು ಭವ್ಯಳಿಗೆ ಇಪ್ಪತ್ತೊಂದು ತುಂಬಿದರೂ ಗೋಡೆಯ ಮೇಲಿನ ಆ ಕೂಸು ಅವಳಿಗೆ ಅತ್ತೆಯೇ.

ಈ ವರ್ಷ ಶ್ರಾವಣದಲ್ಲಿ ಭವ್ಯ ಅಟ್ಟ ಹತ್ತಿದಳು. ಕಾಲೇಜಿನಲ್ಲಿ ಹಿಸ್ಟರಿ ಓದುತ್ತಿದ್ದ ಅವಳೂ ಅವಳ ಗೆಳೆಯ ಅರ್ಸಲಾನನೂ ದಂಡಿನ ಮೊದಮೊದಲ ಸ್ಟುಡಿಯೋಗಳ ಬಗ್ಗೆ ಒಂದು ಪ್ರದರ್ಶನ ಮಾಡುವವರಿದ್ದರು. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಕೆಂಪರಾಜ್ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಹಿಂದಿನ ಮೂಲೆಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ. ಹಳೆಯ ಗಾಜಿನ ಪ್ಲೇಟುಗಳೆಲ್ಲ ಮರದ ಪೆಟ್ಟಿಗೆಗಳಲ್ಲಿ ಮನೆಯ ಅಟ್ಟ ಸೇರಿದ್ದವು.

"ಶ್ರಾವಣ ಶನಿವಾರ, ಮನೆ ಒರೆಸಿ ಇನ್ನೂ ಒಣಗಿಲ್ಲ, ಮೇಲಿಂದ ಧೂಳು ಉದುರಿಸ್ತಿದೀಯಲ್ಲೇ!" ಎಂದು ತಾಯಿ ಲಕ್ಷ್ಮಿದೇವಿ ಕೆಳಗಿನಿಂದ ಕೂಗಿದಳು.

"ನೂರು ವರ್ಷದ ಧೂಳಮ್ಮ ಇದು. ಹೆರಿಟೇಜು."

"ಹೆರಿಟೇಜ್ ಗುಡ್ಸೋಳು ನಾನು ತಾನೆ!"

ಭವ್ಯ ಒಂದೊಂದೇ ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದು, ಫೋನಿನಲ್ಲಿ ಪಟ ತೆಗೆದು, ಕಪ್ಪನ್ನು ಬಿಳುಪು ಮಾಡಿ ನೋಡುತ್ತಿದ್ದಳು. ಮೀಸೆಯ ಸೋಲ್ಜರುಗಳು, ಕೊಡೆ ಹಿಡಿದ ಆಯಾಗಳು, ಅದೇ ಹಳೆಯ ಕೋಟಿನಲ್ಲಿ ಬಿಗಿದುಕೊಂಡ ಗುಮಾಸ್ತರು. ಮಧ್ಯಾಹ್ನದ ಊಟದ ಹೊತ್ತಿಗೆ ಏಣಿ ಇಳಿದು ಅಡುಗೆಮನೆಗೆ ಓಡಿ ಬಂದಳು.

"ಅಜ್ಜೀ, ಕಾವೇರಿ ಅತ್ತೇದು ಗಾಜು ಸಿಕ್ತು! ಒರಿಜಿನಲ್ಲು!"

ಪಟಾಲಮ್ಮ ಮುದ್ದೆ ಕಟ್ಟುತ್ತಿದ್ದ ಕೈಯನ್ನು ನೀರಿಗೆ ಅದ್ದಿ, ಸೆರಗಿಗೆ ಒರೆಸಿಕೊಂಡು ಫೋನು ಹಿಡಿದುಕೊಂಡರು. ಅದೇ ಫ್ರಾಕು, ಅದೇ ಕುರ್ಚಿ, ಅದೇ ಬುಟ್ಟಿ.

"ಕಣ್ಣು ಮುಚ್ಕೊಂಡಿದಾಳಲ್ಲೇ?"

ತಟ್ಟೆಯ ಮುಂದೆ ಕೂತಿದ್ದ ಮುನಿಆಂಜನಪ್ಪನವರ ಕೈ ಬಾಯಿಯ ಹತ್ತಿರ ನಿಂತಿತು. "ತೆಗೆಯೋವಾಗ ಕಣ್ಣು ಮಿಟುಕಿಸ್ಬಿಟ್ಲು. ಆಮೇಲೆ ನಾನೇ ಟಚಿಂಗ್ ಮಾಡ್ದೆ" ಎಂದರು. ಪಟದ ಮೇಲೆ ಪೆನ್ಸಿಲು ಕುಂಚದಿಂದ ತಿದ್ದುವುದಕ್ಕೆ ಅವರ ಕಸುಬಿನಲ್ಲಿ ಟಚಿಂಗ್ ಎನ್ನುತ್ತಾರೆ.

"ನಿದ್ದೆ ಬಂದಿತ್ತೇನೋ ನನ್ ಕಂದಂಗೆ" ಎಂದು ಪಟಾಲಮ್ಮ ಫೋನಿನ ಗಾಜನ್ನು ಸವರಿದರು; ಪಟ ಸರಿದು ಬೇರೆ ಯಾರೋ ಸೋಲ್ಜರ್ ಬಂದ. "ಅಯ್ಯೋ, ಎಲ್ಲೋದ್ಲು? ತಂದ್ಕೊಡೇ. ನಿಮ್ ಪ್ರದರ್ಶನದಲ್ಲಿ ಇವಳ್ನೇ ಮೊದ್ಲು ಹಾಕ್ಬೇಕು, ಕೇಳಿಸ್ತಾ?"

ಮುನಿಆಂಜನಪ್ಪ ಅರ್ಧ ಮುದ್ದೆ ಬಿಟ್ಟು ಎದ್ದರು. ಬಸ್ಸಾರು ಮಾಡಿದ ದಿನ ಅವರು ತಟ್ಟೆಯಲ್ಲಿ ಬಿಟ್ಟದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಮಂಗಳವಾರ ಭವ್ಯ ಪ್ರದರ್ಶನಕ್ಕೆ ವಿವರ ಬರೆಯಲು ಕೂತಳು. ಗಾಜಿನ ಮೂಲೆಯಲ್ಲಿ 614 ಎಂದು ಕೆತ್ತಿತ್ತು. ದೊಡ್ಡಮುನಿಯಪ್ಪನವರ ರಿಜಿಸ್ಟರು ತೆಗೆದು ಆ ನಂಬರು ಹುಡುಕಿದಳು. ದುಂಡಗಿನ ಕನ್ನಡ ಅಕ್ಷರದಲ್ಲಿ ಹೀಗಿತ್ತು: '9 ಜುಲೈ 1923. ರಿಚರ್ಡ್ಸ್ ಟೌನ್ ಗುಮಾಸ್ತ ಅರುಳಪ್ಪನವರ ಮಗಳು. ತೀರಿದ ಮೇಲೆ. ಕೂರಿಸಿ.'

ಅವಳು ರಿಜಿಸ್ಟರನ್ನು ಎದೆಗೆ ಅವಚಿಕೊಂಡು ಶಿವಾಜಿನಗರದ ಅಂಗಡಿಗೆ ಹೋದಳು. ಕೆಂಪರಾಜ್ ಯಾರದೋ ಆಧಾರ್ ಕಾರ್ಡು ಲ್ಯಾಮಿನೇಟ್ ಮಾಡುತ್ತಿದ್ದ.

"ಅಪ್ಪ, ಅದು ಅತ್ತೆ ಅಲ್ಲ."

"ಯಾವುದು?"

"ಗೋಡೆ ಮೇಲಿರೋದು. ಅತ್ತೆ ಹುಟ್ಟೋಕ್ ಮುಂಚೆ, ತಾತ ಹುಟ್ಟೋಕೂ ಮುಂಚೆ ಸತ್ತೋಗಿರೋ ಮಗು ಅದು. ನೋಡು."

ಕೆಂಪರಾಜ್ ಎರಡು ಸಲ ಓದಿ ರಿಜಿಸ್ಟರು ಮುಚ್ಚಿದ. "ಬಾಯಿ ಬಿಟ್ರೆ ಬಣ್ಣಗೇಡು. ಸುಮ್ನಿದ್ಬಿಡು ಮಗಾ."

"ಅಜ್ಜಿಗೆ ಹೇಳ್ಬೇಡ್ವಾ?"

"ಐವತ್ತು ವರ್ಷ ಅದಕ್ಕೆ ಹೂವಿಟ್ಟಿದಾರೆ. ಈಗ ಅದು ನಿಂದಲ್ಲ ಅಂತ ಕಿತ್ಕೊಂಡು, ಅಮ್ಮನ ಕೈಗೆ ಬೇರೆ ಏನು ಕೊಡ್ತೀಯಾ?"

ಭವ್ಯ ರಿಜಿಸ್ಟರು ತೆಗೆದುಕೊಂಡು ಮನೆಗೆ ಹೋದಳು. ಸಂಜೆ ಕೆಂಪರಾಜ್ ತಂದೆಯನ್ನು ಮಹಡಿಯ ಮೇಲೆ ಕರೆದುಕೊಂಡು ಹೋಗಿ ಕೇಳಿದ. ಎಂಬತ್ತರ ಮುದುಕ ಒಣಹಾಕಿದ ಬಟ್ಟೆಗಳ ನಡುವೆ ನಿಂತು, ತಪ್ಪು ಮಾಡಿ ಸಿಕ್ಕಿಬಿದ್ದ ಶಾಲೆಯ ಹುಡುಗನಂತೆ ತಲೆ ತಗ್ಗಿಸಿದರು.

"ಸತ್ತೋಗ್ತಿದ್ಲು ಕಣೋ ನಿಮ್ಮಮ್ಮ. ಅನ್ನ ಬಿಟ್ಟಿದ್ಲು. ನಮ್ ಮಗು ವಯಸ್ಸಿಂದೇ ಒಂದು ಗಾಜಿತ್ತು, ಮುಖಾನೂ ಒಂಚೂರು ಹೋಲ್ತಿತ್ತು. ಅಚ್ಚು ಹಾಕಿ, ತಿದ್ದಿ ತಂದೆ. ಅದಿಲ್ದಿದ್ರೆ ನೀನು ಹುಟ್ತಾನೇ ಇರ್ಲಿಲ್ಲ."

"ಈಗ ನೀವೇ ಹೇಳ್ಬಿಡಿ ಅಪ್ಪ. ಬೇರೆಯವ್ರಿಂದ ಗೊತ್ತಾಗೋ ಬದ್ಲು."

"ಹೇಳ್ತೀನಿ. ಹಬ್ಬ ಮುಗೀಲಿ."

ಯಾವ ಹಬ್ಬ ಎಂದು ಕೆಂಪರಾಜ್ ಕೇಳಲಿಲ್ಲ. ಅವನು ಅದನ್ನು ಹೆಂಡತಿಗೆ ಹೇಳಿದ. ಲಕ್ಷ್ಮಿದೇವಿ ಕೆಟ್ಟವಳಲ್ಲ. ಮೂರು ವಾರ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದೇ ದೊಡ್ಡದು.

ಗಣೇಶನನ್ನು ಹಲಸೂರು ಕೆರೆಗೆ ಬಿಟ್ಟ ಮಾರನೆಯ ದಿನ ಪಟಾಲಮ್ಮ ಫ್ರಾಕು ತರಲು ಹೊರಟು ನಿಂತರು. ಹಬ್ಬದ ನೆಂಟರ ಪಾತ್ರೆ ತೊಳೆದು ತೊಳೆದು ಲಕ್ಷ್ಮಿದೇವಿಯ ಸೊಂಟ ಹಿಡಿದಿತ್ತು.

"ಬಾರೇ, ಕಮರ್ಷಿಯಲ್ ಸ್ಟ್ರೀಟಿಗೆ ಹೋಗ್ಬಿಟ್ಟು ಬರೋಣ. ಆಮೇಲೆ ರಶ್ ಆಗುತ್ತೆ."

"ಅತ್ತೆ, ಆನ್‌ಲೈನಲ್ಲಿ ತರಿಸ್ಕೊಡ್ತೀನಿ ಬಿಡಿ."

"ಮುಟ್ಟಿ ನೋಡ್ದೆ ಮಗೂ ಬಟ್ಟೆ ತಗೋತಾರೇನೆ? ಮೈಗೆ ಚುಚ್ಚಿದ್ರೆ?"

"ಹೋದ ವರ್ಷ ಆರು ಅಂಗಡಿ ತಿರುಗ್ಸಿದ್ರಿ. ಈ ಸೊಂಟ ನಂದಲ್ಲ ಇವತ್ತು."

"ವರ್ಷಕ್ಕೊಂದು ಫ್ರಾಕು. ಅದಕ್ಕೂ ನಿನ್ ಸೊಂಟ ಅಡ್ಡ ಬರುತ್ತಾ? ನಿನ್ ಮಗಳು ಹಂಗೆ ಹೋಗಿದ್ರೆ ಗೊತ್ತಾಗೋದು."

ಆ ಮಾತು ಆಡಬಾರದಿತ್ತು. ಲಕ್ಷ್ಮಿದೇವಿ ಕೈಯಲ್ಲಿದ್ದ ಸೌಟನ್ನು ಕಟ್ಟೆಯ ಮೇಲೆ ಕುಕ್ಕಿದಳು.

"ನನ್ ಮಗಳ ವಿಷ್ಯಕ್ಕೆ ಬರ್ಬೇಡಿ! ಯಾವನೋ ಗುಮಾಸ್ತನ ಮಗು ಪಟಕ್ಕೆ ನಾನ್ಯಾಕೆ ಬೀದಿ ಬೀದಿ ಅಲೀಬೇಕು?"

ಕುಕ್ಕರು ಒಂದು ಸಲ ಕೂಗಿ ಸುಮ್ಮನಾಯಿತು.

"ಯಾವ ಗುಮಾಸ್ತ?" ಎಂದರು ಪಟಾಲಮ್ಮ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಲಕ್ಷ್ಮಿದೇವಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತ, ಅತ್ತೆಯ ಕಾಲು ಹಿಡಿದು, ಎಲ್ಲ ಹೇಳಿದಳು. ಪಟಾಲಮ್ಮ ಕಾಲು ಬಿಡಿಸಿಕೊಂಡು ಹೊರಗೆ ನಡೆದರು. ಮುನಿಆಂಜನಪ್ಪ ಬಾಗಿಲ ಮುಂದಿನ ಬಿಸಿಲಲ್ಲಿ ಪೇಪರು ಓದುತ್ತಿದ್ದರು.

"ಲಕ್ಷ್ಮಿ ಹೇಳಿದ್ದು ನಿಜಾನಾ?"

ಅವರು ಪೇಪರು ಮಡಿಚಿದರು. ಅಷ್ಟು ಸಾಕಾಯಿತು.

"ಅವತ್ತೇ ಕೇಳ್ದೆ ನಿಮ್ಮನ್ನ. ಇದು ನಮ್ ಮಗು ಥರ ಇಲ್ವಲ್ರೀ ಅಂದೆ. ಏನಂದ್ರಿ?"

"ಟಚಿಂಗ್ ಮಾಡಿದ್ರೆ ಹಂಗೇ ಕಾಣೋದು ಅಂದೆ."

"ನಿಮ್ಮಮ್ಮ ಏನಂದ್ರು? ಹೆತ್ತೋಳಿಗೆ ಮಗಳ ಗುರ್ತು ಸಿಗಲ್ವೇನೆ ಅಂದ್ರು. ನಾನು ನಾಚಿಕೆ ಪಟ್ಕೊಂಡು ಸುಮ್ನಾದೆ. ನನ್ ಕಣ್ಣೇ ಸರಿಯಿಲ್ಲ ಅಂದ್ಕೊಂಡೆ. ದಿನಾ ನೋಡಿ ನೋಡಿ, ಇದೇ ನನ್ ಮಗು ಅಂತ ಕಲ್ತ್ಕೊಂಡೆ ಕಣ್ರೀ. ಕಲ್ತ್ಕೊಂಡೆ!"

ಎದುರು ಮನೆಯವರು ಕಿಟಕಿಗೆ ಬಂದು ನಿಂತರು. ಮುನಿಆಂಜನಪ್ಪ, "ಒಳಗೆ ಬಾ ಪಟಾಲಮ್ಮ" ಎಂದರು. ಪಟಾಲಮ್ಮ ಒಳಗೆ ಬಂದರು. ಆದರೆ ಅಂದಿನಿಂದ ಗಂಡನೊಂದಿಗೆ ಮಾತು ಬಿಟ್ಟರು.

ಮಾತಷ್ಟೇ, ಕೆಲಸ ಬಿಡಲಿಲ್ಲ. "ನಿಮ್ ತಾತಂಗೆ ಹೇಳು, ಮುದ್ದೆ ಆರುತ್ತೆ ಅಂತ." "ನಿಮ್ ತಾತನ ಬಿ.ಪಿ. ಮಾತ್ರೆ ಕಿಟಕೀಲಿದೆ." ಭವ್ಯ ನಡುವೆ ನಿಂತು ಎರಡೂ ಕಡೆಯ ಮಾತು ಸಾಗಿಸುತ್ತಿದ್ದಳು. ಎಲ್ಲ ತನ್ನಿಂದಲೇ ಆಯಿತೆಂದು ಪ್ರದರ್ಶನದ ಕೆಲಸವನ್ನೂ ನಿಲ್ಲಿಸಿಬಿಟ್ಟಿದ್ದಳು. ಪಟ ಗೋಡೆಯ ಮೇಲೇ ಇತ್ತು. ಪಟಾಲಮ್ಮ ಅದರ ಕೆಳಗೆ ಓಡಾಡುವಾಗ ತಲೆ ಎತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವರು ರಾಗಿ ಕೇರುತ್ತ ಕೇರುತ್ತ ಮೊರ ಕೆಳಗಿಟ್ಟರು. "ಭವ್ಯಾ, ಆಟೋ ಕರಿ. ಖುರ್ಷೀದಾ ಮನೆಗೆ ಹೋಗ್ಬೇಕು."

"ಯಾಕಜ್ಜಿ?"

"ಎಷ್ಟು ಯೋಚ್ನೆ ಮಾಡಿದ್ರೂ ನನ್ ಮಗಳ ಮುಖ ಬರ್ತಿಲ್ಲ ಕಣೇ. ಈ ಪಟದೋಳೇ ಬಂದ್ ನಿಂತ್ಕೋತಾಳೆ. ಕೂದಲು ಬಾಚಿದ್ದು ಕೈಗೆ ಗೊತ್ತು, ಎತ್ಕೊಂಡಿದ್ದು ಸೊಂಟಕ್ಕೆ ಗೊತ್ತು. ಮುಖ ಮಾತ್ರ ಇಲ್ಲ. ಖುರ್ಷೀದಾ ಅವಳ್ನ ಎತ್ತಿ ಆಡ್ಸಿದಾಳೆ. ಅವಳಿಗೆ ಗೊತ್ತಿರುತ್ತೆ."

ಖುರ್ಷೀದಾ ಶಿವಾಜಿನಗರದಲ್ಲಿ ಸ್ಟುಡಿಯೋ ಹಿಂದಿನ ಓಣಿಯವರು. ಎಂಬತ್ತು ದಾಟಿ ಮಂಚ ಹಿಡಿದಿದ್ದರು. ಹಳೆಯ ಗೆಳತಿಯನ್ನು ಕಂಡು ಅತ್ತು, ಚಹಾ ತರಿಸಿ, ಬಿಸ್ಕತ್ತು ಕೈಗೆ ತುರುಕಿದರು.

"ನಮ್ ಕಾವೇರಿ ಹೆಂಗಿದ್ಲು, ಹೇಳು ಖುರ್ಷೀದಾ" ಎಂದರು ಪಟಾಲಮ್ಮ.

"ಯಾ ಅಲ್ಲಾ, ಮರೀತೀನಾ? ಚಾಂದ್ ಥರ ಇತ್ತು ಬಚ್ಚಿ. ನಿಮ್ ಮನೆ ಗೋಡೆ ಮೇಲೆ ಫೋಟೋ ಇದೆಯಲ್ಲ, ಕರೆಕ್ಟಾಗಿ ಹಂಗೇ ಇತ್ತು."

ಪಟಾಲಮ್ಮ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು. ಅದು ಕರಗಿ ಬಿದ್ದುಹೋಯಿತು. ಆಟೋದಲ್ಲಿ ವಾಪಸು ಬರುವಾಗ ಭವ್ಯ ಅಜ್ಜಿಯ ಕೈ ಹಿಡಿದುಕೊಂಡಿದ್ದಳು. ಹಲಸೂರು ಬರುವವರೆಗೆ ಇಬ್ಬರೂ ಅತ್ತರು.

ಮಹಾಲಯ ಅಮಾವಾಸ್ಯೆಯ ಹಿಂದಿನ ಸಂಜೆ ಲಕ್ಷ್ಮಿದೇವಿ ತೆಂಗಿನಕಾಯಿ ತುರಿಯುತ್ತ ಗಂಡನನ್ನು ಮೆಲ್ಲಗೆ ಕೇಳಿದಳು. "ಆ ಪಟ ನಾಳೆ ಇಡ್ಬೇಕಾ ಬೇಡ್ವಾ? ಆ ಅರುಳಪ್ಪನೋರು ಕ್ರಿಶ್ಚಿಯನ್ ಜನ. ನಮ್ ಹಿರಿಯರ ಜೊತೆ ಬೇರೆಯವ್ರ ಮಗುಗೆ ಎಡೆ ಇಟ್ರೆ ಏನಾಗುತ್ತೋ."

"ಐವತ್ತು ವರ್ಷ ಇಟ್ಟಿದ್ವಿ. ಏನಾಯ್ತು?"

"ಗೊತ್ತಿಲ್ದೆ ಇಟ್ಟಿದ್ದು ಬೇರೆ, ಗೊತ್ತಿದ್ದೂ ಇಡೋದು ಬೇರೆ."

"ಇಡ್ರಿ" ಎಂದರು ಒಳಗಿನಿಂದ ಪಟಾಲಮ್ಮ. ಕಡುಬಿನ ಹಿಟ್ಟು ಅಂಟಿದ ಕೈಯಲ್ಲೇ ಬಾಗಿಲಿಗೆ ಬಂದರು. "ಆ ಮಗು ಏನ್ ತಪ್ಪು ಮಾಡ್ತು? ಅದರ ತಾಯಿ ಹೋಗಿ ಎಷ್ಟು ಕಾಲ ಆಯ್ತೋ. ನನ್ ಕೈಲಿ ಇಷ್ಟು ವರ್ಷ ಉಂಡಿದೆ. ಈಗ ಎಲೆ ಮುಂದಿಂದ ಎಬ್ಬಿಸಕ್ಕಾಗುತ್ತಾ? ಅದಕ್ಕೆ ಇಡ್ರಿ." ಹಿಟ್ಟಿನ ಕೈಯನ್ನೇ ನೋಡಿಕೊಂಡರು. "ನನ್ ಮಗೂಗೆ ಎಲ್ಲಿಡ್ಲಿ? ಅದನ್ನ ಯಾರಾದ್ರೂ ಹೇಳ್ರಿ."

ಮಾರನೆಯ ದಿನ ಎಡೆಗೆ ಎಲೆ ಹಾಕುವಾಗ ಪಟಾಲಮ್ಮನವರೇ ಪಟದ ಮುಂದೆ ಒಂದು ಎಲೆ ಹಾಕಿ, ಪಕ್ಕದಲ್ಲಿ ಒಂದು ಖಾಲಿ ಮಣೆ ಇಟ್ಟು ಅದರ ಮುಂದೆ ಇನ್ನೊಂದು ಎಲೆ ಹಾಕಿದರು. ಎರಡಕ್ಕೂ ಕಡುಬು, ವಡೆ, ಪಾಯಸ ಬಡಿಸಿದರು. ಫ್ರಾಕು ಎರಡಿದ್ದವು, ಲಕ್ಷ್ಮಿದೇವಿಯೇ ನೋಯುವ ಸೊಂಟ ಹೊತ್ತುಕೊಂಡು ಹೋಗಿ, ಮುಟ್ಟಿ ನೋಡಿ ತಂದಿದ್ದಳು. ಕೆಂಪರಾಜ್ ಧೂಪ ಹಾಕಿದ. ಎಲ್ಲರೂ ಅಡ್ಡಬಿದ್ದರು. ಮುನಿಆಂಜನಪ್ಪ ಅಡ್ಡಬಿದ್ದವರು ಏಳಲು ತಡ ಮಾಡಿದಾಗ ಭವ್ಯ ತೋಳು ಹಿಡಿದು ಕೂರಿಸಿದಳು.

ಖಾಲಿ ಮಣೆಯನ್ನು ನೋಡುತ್ತಿದ್ದ ಪಟಾಲಮ್ಮ ಮೂರು ವಾರದ ಮೇಲೆ ಗಂಡನ ಕಡೆ ತಿರುಗಿದರು.

"ಇನ್ ಯಾರ್ನೂ ಕೇಳಂಗಿಲ್ಲ. ಅವಳ್ನ ನೋಡಿರೋರು ನೀವೊಬ್ರೇ ಉಳ್ದಿರೋದು. ಹೆಂಗಿದ್ಲು ಹೇಳ್ರೀ."

ಮುನಿಆಂಜನಪ್ಪ ಕಣ್ಣು ಮುಚ್ಚಿಕೊಂಡರು. "ದುಂಡು ಮುಖ. ಅಗಲ ಹಣೆ. ಗಲ್ಲದಲ್ಲಿ ಚಿಕ್ಕದೊಂದು ಗುಳಿ..."

"ಅದು ಇವಳ್ದು" ಎಂದರು ಪಟಾಲಮ್ಮ ಪಟ ತೋರಿಸಿ.

ಮುದುಕರು ಕಣ್ಣು ತೆರೆದು ಪಟ ನೋಡಿದರು. ಗುಳಿ ಅಲ್ಲಿತ್ತು. "ನಂ‌ಗೂ ಇವಳೇ ಬರ್ತಾಳೆ ಪಟಾಲಮ್ಮ. ತಿದ್ದಿದ ಕೈ ನಂದು. ನಂಗೂ ಇವಳೇ ಬರೋದು."

ಕೆಂಪರಾಜ್ ತಂದೆಯ ಹತ್ತಿರ ಸರಿದ. ಮುನಿಆಂಜನಪ್ಪ ಕೈ ಅಡ್ಡ ಹಿಡಿದು ತಡೆದರು. ಅವರು ಇನ್ನೂ ಹೇಳಿ ಮುಗಿಸಿರಲಿಲ್ಲ.

"ಕಣ್ಣು ಮಾತ್ರ ನಮ್ ಕಾವೇರೀದು. ಗಾಜಲ್ಲಿ ಮುಚ್ಚಿತ್ತಲ್ಲ, ಅಲ್ಲಿ ಕಣ್ಣೇ ಇರ್ಲಿಲ್ಲ. ನಾನು ಬರೀಬೇಕಿತ್ತು. ಬರೀವಾಗ ನಮ್ ಮಗೂದೇ ಬರ್ದೆ. ಎಂಟು ದಿನ ಕೂತಿದ್ದೀನಿ ಅದರ ಮುಂದೆ. ಆಗಿನ್ನೂ ನೆನಪಿತ್ತು ಕಣೇ. ದೇವರಾಣೆಗೂ ನೆನಪಿತ್ತು."

ಪಟಾಲಮ್ಮ ಎದ್ದರು. ಪಟವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊಸ್ತಿಲ ಬೆಳಕಿಗೆ ಹೋಗಿ ಕೂತರು. ಮೂಗಿನಿಂದ ಕೆಳಗೆ ಸೆರಗು ಹೊದಿಸಿದರು, ಹಣೆಯ ಮೇಲೆ ಅಂಗೈ ಅಡ್ಡ ಇಟ್ಟರು. ಕಣ್ಣಷ್ಟೇ ಉಳಿಯಿತು. ಕನ್ನಡಕ ಒರೆಸಿಕೊಂಡು ನೋಡಿದರು. ಕನ್ನಡಕ ತೆಗೆದು ಹತ್ತಿರ ಹಿಡಿದು ನೋಡಿದರು. ಒಳಗೆ ಎಲೆಯ ಮೇಲಿನ ಪಾಯಸ ಆರಿ ಕೆನೆಗಟ್ಟುತ್ತಿತ್ತು.

ಮುನಿಆಂಜನಪ್ಪ ಗೋಡೆ ಹಿಡಿದುಕೊಂಡು ಹೊಸ್ತಿಲವರೆಗೆ ಬಂದರು. "ಅವಳೇ ಅಲ್ವಾ?" ಎಂದು ಕೇಳಿದರು. "ಪಟಾಲಮ್ಮ, ನಮ್ ಮಗಳ ಕಣ್ಣೇ ಅಲ್ವೇನೇ?"

ಪಟಾಲಮ್ಮ ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಲೆ ಎತ್ತಿ ಗಂಡನ ಮುಖ ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಗೊತ್ತಾಗ್ತಿಲ್ಲ ಕಣ್ರೀ" ಎಂದರು. "ಹೆತ್ತೋಳು ನಾನು. ನಂಗೆ ಗೊತ್ತಾಗ್ತಾನೇ ಇಲ್ಲ."